ಹದಿನಾಲ್ಕನೆಯ ಬಾವಿಯ ಮರ್ಯಾದೆ

ಶನಿಯಾರ ಟೇಪಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ಬಟ್ಟೆ ಅಳೆಯುವ ಟೇಪಲ್ಲ, ಬಾವಿ ಅಳೆಯುವ ಉಕ್ಕಿನ ಟೇಪು. ಕುಮಟೆಯ ಉಪ್ಪುಗಾಳಿಗೆ ವಾರಕ್ಕೊಮ್ಮೆ ತುಕ್ಕು ಹಿಡಿಯುವ ಅದನ್ನು ಚಿಂದಿಯಿಂದ ಒರೆಸಿ, ತೆಂಗಿನೆಣ್ಣೆ ಸವರಿ, ಕಿಟಕಿಯ ಸರಳಿಗೆ ಜೋತುಬಿಡುವುದು ಅವನ ಕೆಲಸಗಳಲ್ಲೊಂದು. ಇನ್ನೂ ಹತ್ತಡಿ ಎಣ್ಣೆ ಹಚ್ಚುವುದು ಬಾಕಿಯಿತ್ತು. ಅಷ್ಟರಲ್ಲಿ ತಂತಿ ಬಂತು.

ತಂತಿ ಬಂದದ್ದು ಬೆಂಗಳೂರಿನ ಮುಖ್ಯ ಕಚೇರಿಯಿಂದ, ಆಫೀಸಿನ ಯಜಮಾನ ಅನಂತಮೂರ್ತಿಯವರಿಗೆ. ಆಫೀಸೆಂದರೆ ಜವಳಿ ಅಂಗಡಿಯ ಅಟ್ಟದ ಮೇಲಿನ ಎರಡು ಕೋಣೆ. ಅಘನಾಶಿನಿ ಹೊಳೆಯ ಕೊಳ್ಳದಲ್ಲಿ ನೆಲದ ಕೆಳಗೆ ನೀರೆಷ್ಟಿದೆ, ಎತ್ತಲಿಂದ ಎತ್ತ ಹರಿಯುತ್ತದೆ ಎಂದು ಕಂಡುಹಿಡಿಯುವುದು ಆ ಎರಡು ಕೋಣೆಗಳ ಕರ್ತವ್ಯ. ಅನಂತಮೂರ್ತಿಯವರು ತಂತಿ ಓದಿ ಕುರ್ಚಿಯಲ್ಲಿ ಕುಸಿದರು. ಯಾರಾದರೂ ತೀರಿಕೊಂಡಿರಬೇಕೆಂದು ಶನಿಯಾರ ಚಿಂದಿ ಕೆಳಗಿಟ್ಟ.

"ಯಾರು ಸರ್?"

"ನಾವು" ಎಂದರು ಅನಂತಮೂರ್ತಿ. "ಇವತ್ತಿನ ಟಪಾಲಿಗೆ ವರದಿ ಹಾಕದಿದ್ರೆ ಕುಮಟೆ ಆಫೀಸು ಮುಚ್ಚುತ್ತೇವೆ ಅಂತ ಬರೆದಿದ್ದಾರೆ. ಇವತ್ತೇ."

ವರದಿ ಬರೆದಾಗಿ ಐದು ತಿಂಗಳಾಗಿತ್ತು. ಚವತಿ ಹಬ್ಬದ ಮಾರನೆಯ ವಾರ ಟೈಪು ಮಾಡಿ, ಲಗತ್ತಿಸುವ ಪತ್ರವನ್ನೂ ಬರೆದು, ಮೇಜಿನ ಖಾನೆಯಲ್ಲಿ ಇಟ್ಟದ್ದು ಅಲ್ಲಿಯೇ ಇತ್ತು. ಅದರಲ್ಲಿ ಒಂದೇ ಒಂದು ಜಾಗ ಖಾಲಿ ಬಿಟ್ಟಿತ್ತು: ಹದಿನಾಲ್ಕನೆಯ ನಂಬರಿನ ಬಾವಿಯ ನೀರಿನ ಮಟ್ಟ.

ಈ ಹದಿನಾಲ್ಕರ ತಂಟೆ ತಿಳಿಯಬೇಕಾದರೆ ಒಳಕೋಣೆಯ ಹಲಗೆಯನ್ನು ನೋಡಬೇಕು. ಎರಡು ಬಾಗಿಲಗಲದ ಹಲಗೆ. ಅದರ ತುಂಬ ಮೊಳೆಗಳು, ಮೊಳೆಯಿಂದ ಮೊಳೆಗೆ ತಂತಿ, ತಂತಿಯ ನಡುನಡುವೆ ಜೀರಿಗೆ ಪೆಪ್ಪರ್ಮಿಂಟಿನಂಥ ಬಣ್ಣದ ಗುಳಿಗೆಗಳು. ಇದೇ ಹೊಳೆಯ ಮಾದರಿ. ಒಂದೊಂದು ಮೊಳೆಯೂ ಒಂದು ಊರು. ನೀರಿನ ಬದಲು ಅದರಲ್ಲಿ ಕರೆಂಟು ಹರಿಯುತ್ತಿತ್ತು. ಮಣ್ಣು ನೀರನ್ನು ತಡೆದ ಹಾಗೆ ಗುಳಿಗೆ ಕರೆಂಟನ್ನು ತಡೆಯುತ್ತಿತ್ತು. ಮಣ್ಣು ಮರಳಾಗಿದ್ದಲ್ಲಿ ಒಂದು ಬಗೆಯ ಗುಳಿಗೆ, ಕೆಂಪು ಕಲ್ಲಿದ್ದಲ್ಲಿ ಇನ್ನೊಂದು ಬಗೆಯದು. ಮೊಳೆಗೆ ಮೀಟರು ತಾಗಿಸಿದರೆ ಮುಳ್ಳು ಅಲ್ಲಾಡಿ, ಆ ಊರಿನ ಬಾವಿಯಲ್ಲಿ ಕಟ್ಟೆಯಿಂದ ಎಷ್ಟಡಿ ಕೆಳಗೆ ನೀರಿರಬೇಕೆಂದು ಹೇಳುತ್ತಿತ್ತು. ಶನಿಯಾರ ಊರೂರು ಸುತ್ತಿ ನಿಜವಾದ ಬಾವಿಗಳನ್ನು ಅಳೆದು ತರುತ್ತಿದ್ದ. ಮೊಳೆ ಹೇಳಿದ್ದೂ ಬಾವಿ ಹೇಳಿದ್ದೂ ಒಂದೇ ಆಗುವ ತನಕ ಅನಂತಮೂರ್ತಿಯವರು ಗುಳಿಗೆ ಬದಲಿಸುತ್ತ ಹೋಗಬೇಕು. ಹೀಗೆ ಹಲಗೆಯನ್ನೂ ನೆಲವನ್ನೂ ಹೊಂದಿಸುವುದಕ್ಕೇ ಎರಡು ವರ್ಷ ಹಿಡಿದಿತ್ತು.

ಇಪ್ಪತ್ತೊಂದು ಬಾವಿ ಹೊಂದಿಕೊಂಡವು. ಕಾಗಾಲದ ಹನುಮಕ್ಕನ ಮನೆಯ ಹದಿನಾಲ್ಕು ಮಾತ್ರ ಹೊಂದಲಿಲ್ಲ. ಚವತಿಯ ತಿಂಗಳು ಹಲಗೆ ಹೇಳಿದ್ದಕ್ಕಿಂತ ಒಂದಡಿ ನೀರು ಕಮ್ಮಿ ಬಂತು. ಮರುತಿಂಗಳಿಂದ ಒಂದೂವರೆ ಅಡಿ ಹೆಚ್ಚು ಬರತೊಡಗಿತು. ಹದಿನಾಲ್ಕನ್ನು ಸರಿ ಮಾಡಿದರೆ ಬಾಡದ ಹದಿನೈದು ಕೆಡುತ್ತಿತ್ತು. ಹದಿನೈದನ್ನು ಸಮಾಧಾನ ಮಾಡಿದರೆ ಹದಿಮೂರು ಮುಖ ತಿರುಗಿಸುತ್ತಿತ್ತು. ಒಂದೇ ಅಡಿಗೆಮನೆಯಲ್ಲಿ ಮೂವರು ಓರಗಿತ್ತಿಯರನ್ನು ಸಂಭಾಳಿಸುವವರ ಹಾಗೆ ಅನಂತಮೂರ್ತಿಯವರು ಸೊರಗಿದ್ದರು. ಬೇರೆಯವರ ಎದುರು ಆಫೀಸಿನ ಕನ್ನಡ ಆಡುತ್ತಿದ್ದ ಅವರು ಹಲಗೆಯ ಎದುರು ನಿಂತಾಗ ಮಾತ್ರ ಮನೆಮಾತಿಗೆ ಇಳಿದು, "ಬತ್ತಿಲ್ಲೆ, ಎಂತ ಮಾಡಿರೂ ಸರಿ ಬತ್ತಿಲ್ಲೆ" ಎಂದು ಗೊಣಗುತ್ತಿದ್ದರು.

ಈಗ ಅವರು ಕನ್ನಡಕದ ಮೇಲಿನಿಂದ ಶನಿಯಾರನನ್ನು ನೋಡಿದರು.

"ನೋಡು, ಮೊಳೆ ಸುಳ್ಳು ಹೇಳಬೇಕು, ಇಲ್ಲ ಬಾವಿ ಹೇಳಬೇಕು, ಇಲ್ಲ ನೀನು ಹೇಳಬೇಕು. ಮೊಳೆ ಹೊಡೆದವ ನಾನು. ಬಾವಿಗೆ ಬಾಯಿಲ್ಲ."

ಶನಿಯಾರನಿಗೆ ಕಿವಿ ಬಿಸಿಯಾಯಿತು. "ನಾ ಚಾ ಅಂಗಡೀಲಿ ಕೂತು ನಂಬರು ಬರೀತೆ ಅಂತ ಮಾಡಿದ್ರಾ ಸರ್?"

"ನಾನು ಮಾಡಲಿಲ್ಲ. ಬೆಂಗಳೂರಿನವರು ಮಾಡ್ತಾರೆ. ಹುಬ್ಬಳ್ಳಿ ಬಸ್ಸಿಗೆ ಟಪಾಲು ಚೀಲ ಹಾಕೂದು ಐದು ಗಂಟೆಗೆ. ಅಷ್ಟರೊಳಗೆ ಹದಿನಾಲ್ಕನ್ನು ಅಳೆದು ಬಾ. ಇವತ್ತು ಸುತ್ತಿನ ದಿನ ಅಲ್ಲ, ನೀನು ಬರೂದು ಯಾರಿಗೂ ಗೊತ್ತಿಲ್ಲ. ಹಲಗೆ ಹದಿನೆಂಟೂವರೆ ಅಂತದೆ. ನಾನಂತೂ ಇನ್ನು ಒಂದು ಗುಳಿಗೆಯನ್ನೂ ಮುಟ್ಟುವವನಲ್ಲ."

ಶನಿಯಾರನಿಗೆ ಇದು ಬರೀ ಮರ್ಯಾದೆಯ ಮಾತಾಗಿರಲಿಲ್ಲ. ಅವನದು ಭಟ್ಕಳದ ಮೀನುಗಾರರ ಮನೆ. ಅಪ್ಪ, ಅಜ್ಜ, ಇಬ್ಬರು ಅಣ್ಣಂದಿರು, ಹೆಂಡತಿ ದುರ್ಗಿಯ ತಮ್ಮ, ಎಲ್ಲರೂ ದೋಣಿಯವರು. ಅಷ್ಟೂ ಜನರಲ್ಲಿ ಸಮುದ್ರಕ್ಕೆ ಇಳಿದರೆ ವಾಂತಿ ಮಾಡಿಕೊಳ್ಳುವವನು ಅವನೊಬ್ಬನೇ. ದಡ ಕಣ್ಮರೆಯಾಗುವ ಮೊದಲೇ ಅವನು ದೋಣಿಯ ಅಂಚಿಗೆ ಜೋತುಬೀಳುತ್ತಿದ್ದ. ಹಾಗಾಗಿಯೇ ಅವನು ಶಾಲೆಗೆ ಹೋದದ್ದು, ಮೆಟ್ರಿಕ್ ಮುಗಿಸಿದ್ದು. ಈ ಕೆಲಸ ತಾತ್ಪೂರ್ತಿಕದ್ದು. ಆಫೀಸು ಉಳಿದರೆ ಖಾಯಂ ಆದೀತು ಎಂಬ ಆಸೆ. ಮುಚ್ಚಿದರೆ ಭಾವಮೈದುನನ ದೋಣಿಯಲ್ಲಿ ಅವನಿಗೊಂದು ಹುಟ್ಟು ಕಾದೇ ಇತ್ತು.

ಅವನು ಟೇಪು ಹೆಗಲಿಗೆ ಹಾಕಿ ಮೆಟ್ಟಿಲಿಳಿದ. ಕಾಗಾಲದ ಹತ್ತು ಗಂಟೆಯ ಬಸ್ಸು ಹೋಗಿಯಾಗಿತ್ತು. ಮುಂದಿನದು ಒಂದಕ್ಕೆ. ಬಸ್ ಸ್ಟ್ಯಾಂಡಿನ ಹೊರಗೆ ಖಾಲಿ ಲಾರಿಯೊಂದು ಗುರುಗುಡುತ್ತ ನಿಂತಿತ್ತು. ಡ್ರೈವರ್ ಗಣಪ ಹೊಳೆಯ ಚಿಪ್ಪಿ ತುಂಬಲು ಹೋಗುವವನು.

"ಕಾಗಾಲಕ್ಕಾ? ಹತ್ತು, ಹಿಂದೆ ಹತ್ತು" ಎಂದ ಗಣಪ. "ಮುಂದೆ ಜಾಗ ಇಲ್ಲ, ಹೆಂಡತಿ ತವರಿಗೆ ಹೊಂಟದೆ."

ಶನಿಯಾರ ಹಿಂದೆ ಹತ್ತಿದ. ಸುಣ್ಣದ ಚಿಪ್ಪಿ ಹೊತ್ತು ಹೊತ್ತು ಆ ಲಾರಿಯ ಹೊಟ್ಟೆಯಲ್ಲಿ ಬೆರಳು ದಪ್ಪ ಬಿಳಿ ಧೂಳು ಕೂತಿತ್ತು. ಲಾರಿ ಓಡತೊಡಗಿದಂತೆ ಅದೆಲ್ಲ ಎದ್ದು, ಬೇರೆಲ್ಲೂ ಹೋಗುವ ಮನಸ್ಸಿಲ್ಲದೆ ಶನಿಯಾರನ ಮೇಲೆಯೇ ಇಳಿಯಿತು. ತಲೆಗೂದಲು, ಹುಬ್ಬು, ಅಂಗಿ ಬೆಳ್ಳಗಾದವು. ಎಣ್ಣೆ ಸವರಿದ ಟೇಪಂತೂ ಅಕ್ಕಿಹಿಟ್ಟಿನಲ್ಲಿ ಹೊರಳಾಡಿದ ಮೀನಿನ ಹಾಗಾಯಿತು. ಎಣ್ಣೆ ಇದ್ದರೆ ಸೀಮೆಸುಣ್ಣ ಹಿಡಿಯುವುದಿಲ್ಲ, ಒರೆಸಬೇಕು ಎಂದು ಅವನು ಯೋಚಿಸುತ್ತ ಬಂದಿದ್ದ. ಈಗ ಆ ಚಿಂತೆ ತಪ್ಪಿತು. ನೀರು ಎಲ್ಲಿ ತಾಗಿತೆಂದು ಗುರುತು ಸಿಗಲು ಟೇಪು ಬೆಳ್ಳಗಿರಬೇಕು, ಅಷ್ಟೇ. ಟೇಪೂ ಬೆಳ್ಳಗಿತ್ತು, ಅಳೆಯುವವನೂ ಬೆಳ್ಳಗಿದ್ದ.

ಗಣಪ ಅವನನ್ನು ಹೊಳೆಬದಿಯ ದಾರಿಯಲ್ಲಿ ಇಳಿಸಿದ. ಪ್ರತಿ ತಿಂಗಳೂ ಹತ್ತನೆಯ ತಾರೀಕಿಗೆ ಶನಿಯಾರ ಬಸ್ಸಿನಲ್ಲಿ ಬಂದು, ತಿರುವಿನಲ್ಲಿ ಇಳಿದು, ಜಟ್ಟಿಯ ಅಂಗಡಿಯಲ್ಲಿ ಚಾ ಕುಡಿದು ಹನುಮಕ್ಕನ ಮನೆಗೆ ಹೋಗುವುದು ರೂಢಿ. ಒಂದು ಚಾ ಕುಡಿದರೆ ಜಟ್ಟಿ ಬಿಡುತ್ತಿರಲಿಲ್ಲ. ಇನ್ನೊಂದು ಚಾ, ಮೇಲೆ ಎರಡು ಬನ್ಸು, ಆಮೇಲೆ ಅವನ ಮಂಡಿನೋವಿನ ಕತೆ. ಇಂದು ಗದ್ದೆಯ ಬದುವಿನ ಮೇಲೆ ನಡೆದು ಹಿತ್ತಲ ಕಡೆಯಿಂದ ನೇರ ಬಾವಿಕಟ್ಟೆಗೇ ಬಂದ. ಅಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಮೇಲಿನ ಕೆಂಪು ಬಣ್ಣದ ಗುರುತಿಗೆ ಟೇಪು ಹಿಡಿದು ಇಳಿಬಿಟ್ಟ, ಎತ್ತಿದ, ನೋಡಿದ.

ಹದಿನೆಂಟೂವರೆ.

ಕಣ್ಣುಜ್ಜಿಕೊಂಡ. ಸುಣ್ಣ ಹೋಗಿ ಕಣ್ಣು ಉರಿಯಿತು. ಇನ್ನೊಮ್ಮೆ ಇಳಿಬಿಟ್ಟ. ಹದಿನೆಂಟೂವರೆಯೇ. ಮೊಳೆ ಹೇಳಿದ್ದೇ ಬಾವಿಯೂ ಹೇಳುತ್ತಿತ್ತು. ಕಾಲುಗಂಟೆಗೊಂದರಂತೆ ಮೂರು ಸಲ ಅಳೆದು ಬರೆಯಬೇಕೆಂಬುದು ಆಫೀಸಿನ ನಿಯಮ. ಒಂದನ್ನು ಬರೆದುಕೊಂಡು, ಉಳಿದೆರಡಕ್ಕೆ ಕಾಯುತ್ತ ಅವನು ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಖಾಯಂ ಆದ ಮೇಲೆ ದುರ್ಗಿಯನ್ನು ಕುಮಟೆಗೆ ಕರೆತಂದು ಯಾವ ಕೇರಿಯಲ್ಲಿ ಮನೆ ಹಿಡಿಯಬೇಕೆಂದು ಮನಸ್ಸಿನಲ್ಲೇ ಆರಿಸತೊಡಗಿದ.

ಪಕ್ಕದ ಮನೆಯ ತಿಮ್ಮಿ ಬಟ್ಟೆ ಹರವಲು ಹಿತ್ತಲಿಗೆ ಬಂದವಳು ಬಾವಿಕಟ್ಟೆಯ ಮೇಲೆ ಬಿಳಿಯ ಆಕೃತಿಯೊಂದನ್ನು ಕಂಡು ಗಕ್ಕನೆ ನಿಂತಳು. ಆಮೇಲೆ ಹೆಗಲ ಮೇಲಿನ ಟೇಪು ನೋಡಿ ಗುರುತು ಹಿಡಿದಳು.

"ಅಯ್ಯಯ್ಯ, ಅಳತೆ ತಮ್ಮ ಬಂದಾ. ಹನುಮಕ್ಕಾ, ಅಳತೆ ತಮ್ಮ ಇವತ್ತೇ ಬಂದಾ. ಏ ಮಂಜಿ, ಏ ಗಂಗಿ, ಕೊಡ ತಕಂಡು ಬನ್ನಿ, ಬೇಗ ಬನ್ನಿ."

ಶನಿಯಾರ ಎದ್ದು ನಿಲ್ಲುವುದರೊಳಗೆ ಆರು ಮನೆಯ ಹೆಂಗಸರು ಆರು ದಿಕ್ಕಿನಿಂದ ಕೊಡ ಸಮೇತ ಓಡಿ ಬಂದರು. ಬೆಂಕಿ ಬಿದ್ದ ಕೊಟ್ಟಿಗೆಗೆ ಬಂದವರ ಹಾಗೆ ಬಂದು ಬಾವಿಗೆ ನೀರು ಸುರಿಯತೊಡಗಿದರು. ಒಂದು ಕೊಡ, ಎರಡು ಕೊಡ, ಹತ್ತು ಕೊಡ. ತಿಮ್ಮಿಯ ಮನೆಯ ದೊಡ್ಡ ಬಾವಿಯಿಂದ ಇಲ್ಲಿಯವರೆಗೆ ಸಾಲು ಹಿಡಿದು, ಕೈಯಿಂದ ಕೈಗೆ ಕೊಡ ದಾಟತೊಡಗಿತು. ಅವರ ಅಭ್ಯಾಸ ಎಷ್ಟು ಪಳಗಿದ್ದೆಂದರೆ ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

"ಎಂತ ಮಾಡ್ತ್ರಿ ನೀವು, ನಿಲ್ಸಿ, ನಿಲ್ಸಿ" ಎಂದು ಶನಿಯಾರ ಬಾವಿಗೆ ಅಡ್ಡ ಕೈ ಚಾಚಿದ. ಗಂಗಿ ಎತ್ತಿದ ಕೊಡದ ನೀರು ಅವನ ತಲೆಯ ಮೇಲೇ ಬಿತ್ತು. ಸುಣ್ಣವೆಲ್ಲ ಕರಗಿ ಪಂಚೆಯ ತನಕ ಹಾಲಿನ ಹಾಗೆ ಇಳಿಯಿತು.

"ನಿಲ್ಲೂದು ಹೇಗೆ?" ಎಂದಳು ಗಂಗಿ. "ಅರವತ್ತು ಆಗ್ಬೇಕು. ಇವತ್ತು ನೀ ಹೇಳ್ದೆ ಕೇಳ್ದೆ ಬಂದ್ರೆ ಎಂತ ಮಾಡೂದು ನಾವು?"

ಒಳಗಿನಿಂದ ಹನುಮಕ್ಕ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಕಾಗಾಲದ ಅರ್ಧ ಜನರ ಹೆರಿಗೆಗೆ, ಅಷ್ಟೇ ಜನರ ಜಗಳಕ್ಕೆ ನಿಂತವಳು. ಶನಿಯಾರನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಎಂತ ತಮ್ಮ, ಗೋಡೆ ಹಂಗೆ ಸುಣ್ಣ ಬಳ್ಕಂಡು ಬಂದೆ?"

"ಹನುಮಕ್ಕ, ಇದೆಂತ ನಡೀತದೆ ಇಲ್ಲಿ? ನನ್ನ ಬಾವಿಗೆ ನೀರು ಯಾಕೆ ಹಾಕ್ತ್ರಿ?"

"ಬಾವಿ ನಂದು" ಎಂದಳು ಹನುಮಕ್ಕ ಶಾಂತವಾಗಿ. "ನಂಬರು ಮಾತ್ರ ನಿಂದು. ಚವತಿ ತಿಂಗಳು ಎಂತ ಹೇಳ್ದೆ ನೀನು? ನಿಮ್ಮ ಬಾವಿ ಫೇಲು, ನೀರು ಕಮ್ಮಿ ಬಂತು, ಇಡೀ ಹೊಳೇಲಿ ಇದೊಂದೇ ಫೇಲು ಅಂದೆ. ಆವತ್ತು ಮನೇಲಿ ಮೂವತ್ತು ಜನ ನೆಂಟರು, ಬೆಳಗಾಗೂದ್ರೊಳಗೆ ಬಾವಿ ಬಳ್ದು ಹಾಕಿದ್ರು. ಅದು ಬಾವಿ ತಪ್ಪಾ? ಮೇಲಿಂದ, ಹಿಂಗೇ ಫೇಲಾದ್ರೆ ನನ್ನ ಕೆಲಸಕ್ಕೂ ಕುತ್ತು ಅಂತ ಕಣ್ಣಲ್ಲಿ ನೀರು ಬೇರೆ ತಂದೆ. ನಾವು ಎಂತ ಕಲ್ಲಾ? ಅದ್ಕೆ ತಿಂಗಳು ತಿಂಗಳು ನೀ ಬರೂ ಮೊದ್ಲು ಅರವತ್ತು ಕೊಡ ಹಾಕೂದು. ಬಸ್ಸು ತಿರುವಲ್ಲಿ ಹಾರನ್ ಹೊಡದ್ರೆ ಸುರು, ನೀ ಚಾ ಕುಡ್ದು ಬರೂದ್ರೊಳಗೆ ಮುಗೀತು."

"ಜಟ್ಟಿಗೂ ಗೊತ್ತಾ?"

"ಮತ್ತೆ? ಎರಡನೇ ಚಾ ಪುಕ್ಕಟೆ ಕೊಡೂಕೆ ಜಟ್ಟಿ ಎಂತ ನಿನ್ನ ಮಾವನಾ?"

ಶನಿಯಾರ ಕಟ್ಟೆಯ ಮೇಲೆ ಕೂತುಬಿಟ್ಟ. ಐದು ತಿಂಗಳಿಂದ ಅನಂತಮೂರ್ತಿಯವರು ಬಿಚ್ಚಿ ಕಟ್ಟಿದ ಗುಳಿಗೆಗಳು, ಅವನು ಕೇಳಿದ ಬೈಗುಳ, ಬೆಂಗಳೂರಿನಿಂದ ಬಂದ ಜ್ಞಾಪನಪತ್ರಗಳು, ಎಲ್ಲ ಆ ಐದಡಿ ಅಗಲದ ಬಾವಿಯಲ್ಲಿ ಅಲ್ಲಾಡುತ್ತಿದ್ದವು. ಅಷ್ಟರಲ್ಲಿ ಅರವತ್ತು ಕೊಡವೂ ಮುಗಿದಿತ್ತು. ಟೇಪು ಇಳಿಬಿಟ್ಟು ನೋಡಿದ. ಹದಿನೇಳು.

"ಹನುಮಕ್ಕ, ಹೆಚ್ಚು ಬಂದ್ರೂ ಫೇಲೇ. ನೀರು ಹೆಚ್ಚಿರೂದು ಪಾಸಲ್ಲ. ಹಲಗೆ ಎಷ್ಟು ಹೇಳ್ತದೋ ಅಷ್ಟೇ ಇರ್ಬೇಕು. ಈಗ ನಾ ಬಂದಾಗ ಸರಿ ಇತ್ತು. ನೀವು ಸುರಿದು ಕೆಡ್ಸಿಟ್ರಿ. ಐದು ಗಂಟೆಯೊಳಗೆ ನಂಬರು ಹೋಗ್ದಿದ್ರೆ ಆಫೀಸು ಬಂದ್, ನಾನು ದೋಣಿಗೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಮ್ಮಿ ಕೊಡವನ್ನು ಸದ್ದಿಲ್ಲದೆ ಸೆರಗಿನ ಹಿಂದೆ ಸರಿಸಿದಳು.

"ಹಂಗಾದ್ರೆ ತೆಗ್ದ್ರೆ ಆತು" ಎಂದಳು ಮಂಜಿ. "ಹಾಕ್ದವ್ರಿಗೆ ತೆಗ್ಯೂಕೆ ಬರೂದಿಲ್ಯಾ?"

ಬೇಡ ಎನ್ನುವಷ್ಟರಲ್ಲಿ ಸಾಲು ಹಿಂದುಮುಂದಾಯಿತು. ಮೊದಲು ನೀರು ಸುರಿದವರು ಈಗ ಎತ್ತತೊಡಗಿದರು. ಉತ್ಸಾಹದಲ್ಲಿ ಎಣಿಕೆ ತಪ್ಪಿತು. ಶನಿಯಾರ ಅಳೆದಾಗ ಹತ್ತೊಂಬತ್ತೂಕಾಲು. "ಜಾಸ್ತಿ ಆತು, ಹತ್ತು ಕೊಡ ವಾಪಸು ಹಾಕಿ" ಎಂದಳು ಗಂಗಿ. ಆಗ ಶನಿಯಾರ ಕಟ್ಟೆ ಹತ್ತಿ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ ಆರು ಹೆಂಗಸರ ಮೇಲೆ ದನಿಯೆತ್ತಿದ.

"ಯಾರೂ ಮುಟ್ಟೂದು ಬೇಡ. ಬಾವಿ ಅದರ ಪಾಡಿಗೆ ಸರಿ ಆಗ್ತದೆ. ಇದು ಮರಳು ನೆಲ, ಎರಡು ತಾಸು ಬಿಟ್ರೆ ನೀರು ತನ್ನ ಜಾಗಕ್ಕೆ ತಾನೇ ಬತ್ತದೆ."

ಅವನ ಮಾತಿನಲ್ಲಿ ಎಂಥ ವಿಶ್ವಾಸವಿತ್ತೆಂದರೆ ಹೆಂಗಸರು ಕೊಡ ಮಗುಚಿ ಅದರ ಮೇಲೆಯೇ ಕೂತು ಬಾವಿಗೆ ಕಾವಲಾದರು. ನೀರಿಗೆಂದು ಬಂದ ಹನುಮಕ್ಕನ ಸೊಸೆಯನ್ನೂ ತಿಮ್ಮಿ ಹತ್ತಿರ ಸೇರಿಸಲಿಲ್ಲ. ಹನುಮಕ್ಕ ಶನಿಯಾರನಿಗೆ ಒಣಗಿದ ಪಂಚೆ ಕೊಟ್ಟು, ಗಂಜಿಯನ್ನೂ ಸುಟ್ಟ ಬಂಗಡೆಯನ್ನೂ ತಂದಿಟ್ಟಳು. ಅವನು ಉಂಡ. ಅಳೆದ. ಹತ್ತೊಂಬತ್ತು. ಎಲೆ ಅಡಿಕೆ ಹಾಕಿದ. ಅಳೆದ. ಹದಿನೆಂಟೂಮುಕ್ಕಾಲು. ಸುದ್ದಿ ತಿಳಿದು ಜಟ್ಟಿಯೂ ಅಂಗಡಿ ಮುಚ್ಚಿ ಬಂದ. ಒಂದೊಂದು ಅಳತೆಗೂ ಎಲ್ಲರೂ ಉಸಿರು ಹಿಡಿದು ಕತ್ತು ಚಾಚುತ್ತಿದ್ದರು. ಎರಡೂವರೆ ಗಂಟೆಗೆ ಹದಿನೆಂಟೂವರೆಗೆ ಬಂದು ನಿಂತ ನೀರು ಆಮೇಲೆ ಕದಲಲಿಲ್ಲ. ಕಾಲುಗಂಟೆ ಬಿಟ್ಟು ಇನ್ನೊಮ್ಮೆ, ಮತ್ತೆ ಕಾಲುಗಂಟೆ ಬಿಟ್ಟು ಮಗದೊಮ್ಮೆ. ಮೂರೂ ಒಂದೇ. ಶನಿಯಾರ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದ.

"ಈಗ ಆತಲ್ಲ?" ಎಂದ ಜಟ್ಟಿ.

"ಆತು. ಆದ್ರೆ ಐದು ತಿಂಗಳು ಯಾಕೆ ತಪ್ಪು ಬಂತು ಅಂತ ಸಾಹೇಬ್ರು ಕೇಳ್ತ್ರು. ಅರವತ್ತು ಕೊಡದ ಕತೆ ಹೇಳಿದ್ರೆ ನಂಬೂದಿಲ್ಲ. ನಾನಾದ್ರೂ ನಂಬ್ತಿರ್ಲಿಲ್ಲ."

"ನಾ ಬತ್ತೆ" ಎಂದಳು ಹನುಮಕ್ಕ. "ಹಾಕಿಸ್ದವ್ಳು ನಾನು, ಹೇಳೂಕೂ ನಾನೇ ಬೇಕು. ಹಂಗೇ ನಮ್ಮ ಬಾವಿ ಆ ಹಲಗೇಲಿ ಹೆಂಗೆ ಕಾಣ್ತದೆ ಅಂತ್ಲೂ ನೋಡ್ದಂಗಾತು." ಅವಳು ಆಗಲೇ ಹೊಸ ಸೀರೆ ಉಟ್ಟಾಗಿತ್ತು.

ಚಿಪ್ಪಿ ತುಂಬಿ ವಾಪಸು ಹೊರಟಿದ್ದ ಗಣಪನ ಲಾರಿಯನ್ನು ಹನುಮಕ್ಕ ರಸ್ತೆಯ ನಡುವೆ ನಿಂತು ತಡೆದಳು. ಗಣಪ ಹುಟ್ಟಿದಾಗ ಹೊಕ್ಕುಳ ಬಳ್ಳಿ ಕತ್ತರಿಸಿದವಳು ಅವಳೇ. ಅವನ ಹೆಂಡತಿ ತವರಲ್ಲಿ ಇಳಿದಿದ್ದಳು. ಆದ್ದರಿಂದ ಇಬ್ಬರಿಗೂ ಮುಂದೆಯೇ ಜಾಗ ಸಿಕ್ಕಿತು.

ಆಫೀಸಿಗೆ ಬಂದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ ಬಾಕಿ. ಅನಂತಮೂರ್ತಿಯವರು ಖಾಲಿ ಜಾಗದ ಮೇಲೆ ಪೆನ್ನು ಹಿಡಿದೇ ಕೂತಿದ್ದರು. ಹನುಮಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ, ಕೊಡದ ಲೆಕ್ಕ ಸಮೇತ ಒಪ್ಪಿಸಿದಳು. ಅವರು ಮೊದಲು ಬೆಳ್ಳಗಾದರು, ಆಮೇಲೆ ಕೆಂಪಾದರು, ಕೊನೆಗೆ ಎದ್ದು ಹೋಗಿ ಹಲಗೆಯ ಮುಂದೆ ನಿಂತು, "ಸರಿಯಾಗೇ ಇದ್ದು. ಹಲಗೆ ಮೊದಲಿಂದ್ಲೂ ಸರಿಯಾಗೇ ಇದ್ದು" ಎಂದು ಅದರ ಬೆನ್ನು ತಟ್ಟಿದರು.

"ಇದರಲ್ಲಿ ನಮ್ಮ ಬಾವಿ ಯಾವ್ದು?" ಎಂದಳು ಹನುಮಕ್ಕ.

ಶನಿಯಾರ ಒಂದು ಮೊಳೆ ತೋರಿಸಿದ.

"ಇಷ್ಟೇಯಾ?" ಹನುಮಕ್ಕ ಬಗ್ಗಿ ನೋಡಿದಳು. "ಇದರ ಪಕ್ಕದ್ದು?"

"ಅದು ಬಾಡದ್ದು. ಹದಿನೈದು."

"ಯಾರ ನೀರು ಮೇಲಿದೆ?"

ಪ್ರಶ್ನೆಯ ಆಳ ತಿಳಿಯದ ಅನಂತಮೂರ್ತಿಯವರು ಉತ್ತರಿಸಿದರು. "ಬಾಡದ್ದು. ಎರಡೂವರೆ ಅಡಿ ಮೇಲಿದೆ ನೋಡಿ."

ಹನುಮಕ್ಕ ನೆಟ್ಟಗಾದಳು. ಬಾಡಕ್ಕೂ ಕಾಗಾಲಕ್ಕೂ ಗದ್ದೆಯ ನೀರಿನಿಂದ ಹಿಡಿದು ಸೊಸೆಯಂದಿರ ಬಣ್ಣದ ತನಕ ಪೈಪೋಟಿ. "ಬಾಡದವ್ರಿಗಿಂತ ನಂದು ಕೆಳಗೆ ಅಂತ ಸರ್ಕಾರಕ್ಕೆ ಬರ್ಯೂದಾ? ನಾ ಸಹಿ ಹಾಕೂದಿಲ್ಲ. ಬೇಕಾದ್ರೆ ಈಗ್ಲೇ ಹೋಗಿ ಇನ್ನೂ ನೂರು ಕೊಡ ಹಾಕಿಸ್ತೆ."

ಬಾವಿಯ ಧಣಿಯ ಸಹಿ ಇಲ್ಲದೆ, ಹಿಂದಿನ ಐದು ತಿಂಗಳ ಲೆಕ್ಕ ತಪ್ಪೆಂದು ಹೊಡೆದುಹಾಕುವಂತಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅನಂತಮೂರ್ತಿಯವರು ಅಂತರ್ಜಲದ ಶಾಸ್ತ್ರವನ್ನು ವಿವರಿಸತೊಡಗಿದರು. ಹನುಮಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ಹೊರಟಳು. ಶನಿಯಾರ ಅಳತೆ ಪುಸ್ತಕ ಹಿಡಿದು ಅಡ್ಡ ನಿಂತ.

"ಅಕ್ಕ, ಪುಸ್ತಕ ನೋಡಿ ಮೊದ್ಲು. ನೀವು ರಾತ್ರಿಶಾಲೇಲಿ ಕಲ್ತವ್ರು, ಓದೂಕೆ ಬತ್ತದಲ್ಲ. ಬಾಡದ ಎದುರು ಎಷ್ಟು ಬರ್ದಿದೆ?"

ಹನುಮಕ್ಕ ಬೆರಳಿಟ್ಟು ಓದಿದಳು. "ಹದಿನಾರು."

"ನಿಮ್ಮ ಎದುರು?"

"ಹದಿನೆಂಟೂವರೆ."

"ಯಾವ್ದು ಹೆಚ್ಚು?"

ಹನುಮಕ್ಕ ಇನ್ನೊಮ್ಮೆ ಎರಡನ್ನೂ ನೋಡಿದಳು. ಮುಖ ನಿಧಾನವಾಗಿ ಅರಳಿತು. "ಇದು ಹಿಂಗೇ ಬೆಂಗಳೂರಿಗೆ ಹೋಗ್ತದಾ?"

"ಹಿಂಗೇ. ಹದಿನೆಂಟೂವರೆ ಅಂತ್ಲೇ."

"ಪೆನ್ನು ಕೊಡಿ" ಎಂದಳು ಹನುಮಕ್ಕ, ಮತ್ತು ಒಂದೊಂದೇ ಅಕ್ಷರವನ್ನು ನೆಲಕ್ಕೆ ಊರಿ ನಿಲ್ಲಿಸಿದ ಕಂಬದಂತೆ ಬರೆದು ಸಹಿ ಮಾಡಿದಳು.

ಅನಂತಮೂರ್ತಿಯವರು ಖಾಲಿ ಜಾಗ ತುಂಬಿದರು. ಆಮೇಲೆ ಪತ್ರವನ್ನು ಮತ್ತೆ ಟೈಪ್‌ರೈಟರಿಗೆ ಏರಿಸಿ, ಕೆಳಗಡೆ ಟಕಟಕನೆ ಇನ್ನೊಂದು ಪ್ಯಾರಾ ಹೊಡೆದರು. ಸಹಿ ಹಾಕುವಾಗ ಅವರ ಕಣ್ಣು ತುಂಬಿತ್ತು.

"ಶನಿಯಾರ, ಬೆಳಿಗ್ಗೆ ನಿನ್ನ ಮೇಲೆ ಸಂಶಯಪಟ್ಟೆ. ಅದಕ್ಕೆ ಪ್ರಾಯಶ್ಚಿತ್ತ ಅಂತ ತಿಳ್ಕೊ. ಈ ಕೊನೆಯ ಪ್ಯಾರಾ ಪೂರಾ ನಿನ್ನದೇ. ಹೆಸರು ಸಮೇತ ಬರೆದಿದ್ದೇನೆ. ಇಲ್ಲಿ ಗೋಂದು ಒಣಗಿದೆ, ಪೋಸ್ಟಿನಲ್ಲೇ ಅಂಟಿಸು. ಓಡು."

ಶನಿಯಾರ ಓಡಿದ. ಹನುಮಕ್ಕ ಹಿಂದೆ. ದಾರಿಯಲ್ಲಿ ಸಿಕ್ಕಿದ ಜವಳಿ ಅಂಗಡಿಯವನಿಗೆ, ಬಾಳೆಹಣ್ಣು ಮಾರುವವಳಿಗೆ, ಗುರುತಿಲ್ಲದ ಇಬ್ಬರಿಗೆ ಅವಳು, "ನಮ್ಮ ತಮ್ಮನ ಹೆಸರು ಬೆಂಗಳೂರಿಗೆ ಹೊಂಟದೆ" ಎಂದು ಹೇಳುತ್ತ ಬಂದಳು.

ಪೋಸ್ಟಾಫೀಸಿನ ಕಿಟಕಿಯೊಳಗೆ ವೆಂಕಟ್ರಮಣ ಟಪಾಲು ಚೀಲದ ಬಾಯಿಗೆ ಹುರಿ ಸುತ್ತುತ್ತಿದ್ದ. ಹೊರಗೆ ಹುಬ್ಬಳ್ಳಿ ಬಸ್ಸು ಇಂಜಿನ್ ಚಾಲೂ ಇಟ್ಟು ನಿಂತಿತ್ತು.

"ಆತು, ಮುಗೀತು, ನಾಳೆ ಬಾ" ಎಂದ ವೆಂಕಟ್ರಮಣ.

"ಒಂದೇ ಕಾಗದ, ವೆಂಕಟ್ರಮಣಣ್ಣ. ಐದು ತಿಂಗಳಿಂದ ಕಾದ ಕಾಗದ. ನನ್ನ ಖಾಯಂ ಇದ್ರಲ್ಲೇ ಅದೆ."

"ಹೌದಾ?" ವೆಂಕಟ್ರಮಣನ ಕೈ ನಿಂತಿತು. ಬೇರೆಯವರ ಕಾಗದದಲ್ಲಿ ಏನಿದೆ ಎಂಬ ಕುತೂಹಲವನ್ನು ಇಪ್ಪತ್ತು ವರ್ಷ ಅದುಮಿಟ್ಟುಕೊಂಡು ನೌಕರಿ ಮಾಡಿದವನು. "ಎಂತ ಬರದಾರೆ, ಓದು ನೋಡ್ವ. ಅಷ್ಟರಲ್ಲಿ ನಾ ಹುರಿ ಬಿಚ್ತೆ."

ಅಂಟಿಸದ ಲಕೋಟೆಯಿಂದ ಶನಿಯಾರ ಪತ್ರ ತೆಗೆದ. ಕೊನೆಯ ಪ್ಯಾರಾವನ್ನು ಗಂಟಲು ಸರಿಪಡಿಸಿಕೊಂಡು, ಕಿಟಕಿಯ ಆಚೀಚೆಯವರಿಗೆಲ್ಲ ಕೇಳುವ ಹಾಗೆ ಓದಿದ:

"ಈ ಕಾರ್ಯದಲ್ಲಿ ಬಾವಿ ವೀಕ್ಷಕರಾದ ಶ್ರೀ ಶನಿಯಾರ ಮೊಗೇರ, ಭಟ್ಕಳ, ಇವರ ಶ್ರದ್ಧೆ ಮತ್ತು ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು."

"ನೋಡ್ದ್ಯಾ" ಎಂದಳು ಹನುಮಕ್ಕ ವೆಂಕಟ್ರಮಣನಿಗೆ.

"ಇವರು ತಂದ ನಿಖರವಾದ ಅಳತೆಗಳಿಂದಾಗಿಯೇ ಮಾದರಿಯು ಇಂದು ಎಲ್ಲ ಇಪ್ಪತ್ತೆರಡು ಬಾವಿಗಳೊಂದಿಗೆ ಪೂರ್ತಿಯಾಗಿ ಹೊಂದಿಕೊಂಡಿದೆ. ಇನ್ನು ಮುಂದೆ ಯಾವುದೇ ಬಾವಿಯ ಮಟ್ಟವನ್ನು ಮಾದರಿಯಿಂದಲೇ ತಿಳಿಯಬಹುದಾದ್ದರಿಂದ, ಸದರಿ ವೀಕ್ಷಕರ..."

ಅಲ್ಲಿ ಶನಿಯಾರನ ದನಿ ನಿಂತಿತು. ಕಣ್ಣು ಮಾತ್ರ ಮುಂದಕ್ಕೆ ಹೋಯಿತು: ಸದರಿ ವೀಕ್ಷಕರ ಹುದ್ದೆಯು ಬರುವ ತಿಂಗಳ ಒಂದನೆಯ ತಾರೀಕಿನಿಂದ ಅವಶ್ಯವಿರುವುದಿಲ್ಲವೆಂದು ತಿಳಿಸಲು ಹರ್ಷಿಸುತ್ತೇನೆ.

"ಸದರಿ ವೀಕ್ಷಕರ ಎಂತದು?" ಎಂದ ವೆಂಕಟ್ರಮಣ.

"ಅಷ್ಟೇ" ಎಂದ ಶನಿಯಾರ. "ಮುಂದೆ ಸಹಿ."

ಕಾಗದ ಹಾಕದಿದ್ದರೆ ಆಫೀಸು ಮುಚ್ಚುತ್ತಿತ್ತು. ಹಾಕಿದರೆ ಆಫೀಸು ಉಳಿಯುತ್ತಿತ್ತು, ಅವನನ್ನು ಬಿಟ್ಟು. ಅವನು ಅಲ್ಲಿ ನಿಂತು, ಬೆಳಿಗ್ಗೆಯಿಂದ ಎಲ್ಲಿ ತಪ್ಪಿದೆನೆಂದು ಹುಡುಕಿದ. ಎಲ್ಲೂ ತಪ್ಪಿರಲಿಲ್ಲ. ಅದೇ ತಪ್ಪಾಗಿತ್ತು. ಒಂದನೆಯ ತಾರೀಕಿಗೆ ಇನ್ನು ಆರೇ ದಿನ. ಕಾಗದ ಬೆಂಗಳೂರು ಮುಟ್ಟುವುದು ತಡವಾದರೆ ಇನ್ನೊಂದು ತಿಂಗಳು ಹೇಗೋ ದಾಟೀತು. ಅವನು ಲಕೋಟೆಯನ್ನು ಅಂಟಿಸಿ, ಎರಡೆರಡು ಸಲ ಒತ್ತಿ, ಕಿಟಕಿಯೊಳಗೆ ಚಾಚಿದ.

"ಸಾದಾ ಟಪಾಲು ಸಾಕು, ವೆಂಕಟ್ರಮಣಣ್ಣ. ಅವ್ಸರ ಇಲ್ಲ. ನಿಧಾನಕ್ಕೆ ಹೋಗ್ಲಿ."

"ನಿಧಾನಕ್ಕಾ?" ಹನುಮಕ್ಕ ಅವನ ಕೈಯಿಂದ ಲಕೋಟೆ ಕಸಿದುಕೊಂಡಳು. "ಐದು ತಿಂಗಳು ನಮ್ಮಿಂದ್ಲೇ ತಡ ಆತು, ಇನ್ನೂ ತಡ ಮಾಡೂದಾ? ನೀ ಸುಮ್ನಿರು, ನಿಂಗೆ ಸಂಕೋಚ. ಹೆಸರು ಬಂದ ಕಾಗದ ಸಾದಾ ಹೋಗೂದಾ? ಓ ತಮ್ಮ, ಎಲ್ಲಕ್ಕಿಂತ ಬೇಗ ಹೋಗೂದು ಯಾವ್ದು?"

"ಎಕ್ಸ್‌ಪ್ರೆಸ್ಸು. ನಾಡಿದ್ದು ಬೆಳಿಗ್ಗೆ ಸಾಹೇಬ್ರ ಕೈಯಲ್ಲೇ ಕೊಡ್ತ್ರು."

"ಅದನ್ನೇ ಹಾಕು."

ಎಲೆ ಅಡಿಕೆ ಸಂಚಿಯ ಒಳಪದರದಿಂದ ಹನುಮಕ್ಕ ನಾಣ್ಯ ತೆಗೆದು ಕಿಟಕಿಯೊಳಗೆ ಸರಿಸಿದಳು. ವೆಂಕಟ್ರಮಣ ಸ್ಟಾಂಪು ಹಚ್ಚಿ, ಕೆಂಪು ಚೀಟಿ ಅಂಟಿಸಿ, ಸಂತೋಷಕ್ಕೆ ಒಂದರ ಬದಲು ಎರಡು ಸಲ ಮುದ್ರೆ ಒತ್ತಿ, ಲಕೋಟೆಯನ್ನು ಚೀಲಕ್ಕೆ ಹಾಕಿ ಹುರಿ ಬಿಗಿದ. ಚೀಲ ಬಸ್ಸಿನ ಮಾಡಿನ ಮೇಲೆ ಹೋಗಿ ಬಿತ್ತು. ಅರ್ಧ ಗಂಟೆಯಾದರೂ ತಡ ಮಾಡದೆ ಒಂದು ದಿನವೂ ಕುಮಟೆ ಬಿಡದಿದ್ದ ಹುಬ್ಬಳ್ಳಿ ಬಸ್ಸು, ಅಂದು ಸರಿಯಾಗಿ ಐದು ಗಂಟೆಗೆ ಹೊರಟಿತು.